ದಾಟುವವರೆಗೆ ಆಸರೆ: ಫಿಲಿಪ್ಪೀನ್ಸ್ ದೇಶದ ಸಮಾಜ ಕಲ್ಯಾಣ ಕಾರ್ಯ

(ಗ್ರಾಮಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಬಿತ್ತನೆ, ಗೊಬ್ಬರ, ನೀರಾವರಿಗಳ ವಿಚಾರವನ್ನು ಈ ಹೊತ್ತು ಸ್ವಲ್ಪ ಬದಿಗಿಟ್ಟು, ದೂರದ ಒಂದು ದೇಶದ ಸಂಗತಿಯನ್ನು ತಮ್ಮ ಮುಂದೆ ಇಡಬೇಕೆಂದಿದ್ದೇನೆ. ಆ ದೇಶ ಫಿಲಿಪ್ಪೀನ್ಸ್. ದೂರದ್ದಾದರೂ ನಮ್ಮ ಗದ್ದೆಗಳಿಗೆ ಅದು ಹೊಸದೇನಲ್ಲ. ತಮ್ಮಲ್ಲಿ ಅನೇಕರು ಐ.ಆರ್. 64 ಭತ್ತವನ್ನು ಬೆಳೆದವರು, ಹಿರಿಯರು ಐ.ಆರ್. 8 ಭತ್ತವನ್ನೂ ಕಂಡವರು. ಆ ‘ಐ.ಆರ್.’ ಎಂಬ ಅಕ್ಷರಗಳು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ಗುರುತು. 1960ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ ಇರುವುದು ಫಿಲಿಪ್ಪೀನ್ಸಿನ ಲಾಸ್ ಬಾನ್ಯೋಸ್ ಎಂಬ ಊರಿನಲ್ಲಿ. ಅಲ್ಲಿಯ ಬೀಜ ನಮಗೆ ಉಪಯೋಗವಾಯಿತು. ಬಡವರನ್ನೂ ದುರ್ಬಲರನ್ನೂ ಕಾಪಾಡುವುದರಲ್ಲಿ ಅವರು ಪಡೆದಿರುವ ಅನುಭವವೂ ನಮ್ಮ ಉಪಯೋಗಕ್ಕೆ ಬಂದೀತು.

ಫಿಲಿಪ್ಪೀನ್ಸ್ ಏಳು ಸಾವಿರಕ್ಕಿಂತಲೂ ಹೆಚ್ಚು ದ್ವೀಪಗಳ ನಾಡು. 2020ರ ಜನಗಣತಿಯ ಪ್ರಕಾರ ಅಲ್ಲಿಯ ಜನಸಂಖ್ಯೆ ಸುಮಾರು 10 ಕೋಟಿ 90 ಲಕ್ಷ. ಅನ್ನವೇ ಅವರ ಮುಖ್ಯ ಆಹಾರ. ವರ್ಷವೊಂದಕ್ಕೆ ಸರಾಸರಿ ಇಪ್ಪತ್ತು ಚಂಡಮಾರುತಗಳು ಆ ದೇಶದ ಸಮುದ್ರ ವಲಯವನ್ನು ಹೊಗುತ್ತವೆ. ಸಣ್ಣ ಹಿಡುವಳಿಯ ರೈತರು, ಬೆಸ್ತರು, ತೆಂಗಿನ ತೋಟದ ಕೂಲಿಗಾರರು, ಗುಡ್ಡಗಾಡಿನ ಮೂಲನಿವಾಸಿಗಳು, ಇವರೇ ಅಲ್ಲಿ ಬಡತನಕ್ಕೆ ಹೆಚ್ಚಾಗಿ ತುತ್ತಾದವರು. ಒಂದು ವರ್ಷದ ಗಾಳಿ ಮಳೆ ಹತ್ತು ವರ್ಷದ ದುಡಿಮೆಯನ್ನು ಕೊಚ್ಚಿಕೊಂಡು ಹೋಗುವುದೆಂದರೆ ಏನೆಂಬುದನ್ನು ರೈತರಿಗೆ ನಾನು ವಿವರಿಸಬೇಕಾಗಿಲ್ಲ.

ಹಿಂದಿನ ಏರ್ಪಾಡು

ಅಲ್ಲಿ ಸರ್ಕಾರದ ಕಲ್ಯಾಣ ಕಾರ್ಯ ಇಂದು ನಿನ್ನೆಯದಲ್ಲ. 1915ರಲ್ಲಿ ಸಾರ್ವಜನಿಕ ಕಲ್ಯಾಣ ಮಂಡಳಿಯೊಂದು ಸ್ಥಾಪನೆಯಾಯಿತು. 1946ರಲ್ಲಿ ದೇಶ ಸ್ವತಂತ್ರವಾದ ಮೇಲೆ ಕೆಲಸ ಬೆಳೆದು, 1968ರಲ್ಲಿ ಸಮಾಜ ಕಲ್ಯಾಣಕ್ಕೇ ಒಂದು ಪ್ರತ್ಯೇಕ ಇಲಾಖೆಯಾಯಿತು. ಈಗ ಅದಕ್ಕೆ ಸಮಾಜ ಕಲ್ಯಾಣ ಮತ್ತು ಅಭಿವೃದ್ಧಿ ಇಲಾಖೆ ಎಂದು ಹೆಸರು.

ನಮ್ಮಲ್ಲಿ ಸಮುದಾಯ ಅಭಿವೃದ್ಧಿ ಯೋಜನೆ ಪ್ರಾರಂಭವಾದದ್ದು 1952ನೆಯ ಇಸವಿ ಅಕ್ಟೋಬರ್ 2ರಂದು. ನಾಲ್ಕು ವರ್ಷಗಳ ತರುವಾಯ, 1956ರಲ್ಲಿ, ಅಧ್ಯಕ್ಷ ರಾಮೋನ್ ಮ್ಯಾಗ್ಸೆಸೆಯವರು ತಮ್ಮ ದೇಶದಲ್ಲಿಯೂ ಸಮುದಾಯ ಅಭಿವೃದ್ಧಿಗಾಗಿ ಒಂದು ಕಚೇರಿಯನ್ನು ತೆರೆದರು. ಹಳ್ಳಿಯ ಜನ ತಮ್ಮ ಕೆಲಸಕ್ಕೆ ತಾವೇ ಕೈ ಹಾಕಬೇಕು, ಸರ್ಕಾರ ಜೊತೆಗೆ ನಿಲ್ಲಬೇಕು ಎಂಬ ಮಾತು ಎರಡು ದೇಶಗಳಲ್ಲಿಯೂ ಹೆಚ್ಚು ಕಡಮೆ ಒಂದೇ ಕಾಲಕ್ಕೆ ಕೇಳಿಬಂದಿತೆನ್ನಬಹುದು.

ಅಲ್ಲಿಯ ಗ್ರಾಮಕ್ಕೆ ‘ಬರಂಗಾಯ್’ ಎಂದು ಹೆಸರು. ಇಂಥವು ದೇಶದಲ್ಲಿ ಸುಮಾರು 42,000 ಇವೆ. 1991ರ ಸ್ಥಳೀಯ ಸರ್ಕಾರ ಕಾನೂನಿನಿಂದ ಕಲ್ಯಾಣ ಕಾರ್ಯದ ಬಹುಭಾಗ ರಾಜಧಾನಿಯ ಕೈಯಿಂದ ಪ್ರಾಂತ, ಪಟ್ಟಣ ಮತ್ತು ಬರಂಗಾಯ್‌ಗಳ ಕೈಗೆ ಬಂದಿತು. ಆದುದರಿಂದ ಕಾನೂನು ಮನಿಲಾದಲ್ಲಿ ಆದರೂ, ಅದು ಫಲಿಸುವುದೂ ಕೆಡುವುದೂ ಹಳ್ಳಿಯಲ್ಲಿ.

ದಾಟಿಸುವ ಯೋಜನೆ

ಈ ಸೇವೆಗಳಲ್ಲೆಲ್ಲ ದೊಡ್ಡದು ‘ಪಂತವಿದ್’ ಎಂಬ ಯೋಜನೆ. ಆ ಮಾತಿಗೆ ‘ದಾಟಲು ನೆರವಾಗುವುದು’ ಎಂದು ಅರ್ಥ. ಮಳೆಗಾಲದಲ್ಲಿ ಹಳ್ಳ ದಾಟಲು ನಮ್ಮ ಮಲೆನಾಡಿನವರು ಕಾಲುಸಂಕ ಹಾಕುತ್ತಾರಲ್ಲವೆ? ಅದೇ ಭಾವನೆ. 2007ರಲ್ಲಿ ಪ್ರಯೋಗಕ್ಕಾಗಿ ಆರಂಭಿಸಿ, 2008ರಿಂದ ಇದನ್ನು ವಿಸ್ತರಿಸಲಾಯಿತು. 2019ರಲ್ಲಿ ಇದಕ್ಕೆಂದೇ ಒಂದು ಕಾನೂನಾಯಿತು. ನಲವತ್ತು ಲಕ್ಷಕ್ಕೂ ಮೀರಿದ ಬಡ ಕುಟುಂಬಗಳನ್ನು ಈ ಯೋಜನೆ ಮುಟ್ಟಿದೆ.

ಇದರ ಕ್ರಮ ಹೀಗಿದೆ. ಬಡ ಕುಟುಂಬಕ್ಕೆ ಸರ್ಕಾರ ನಗದು ಹಣ ಕೊಡುತ್ತದೆ. ಸಾಮಾನ್ಯವಾಗಿ ಅದು ಮನೆಯ ತಾಯಿಯ ಹೆಸರಿಗೆ ಸಲ್ಲುತ್ತದೆ. ಕಾನೂನಿನ ಪ್ರಕಾರ ಶಿಶುವಿಹಾರ ಅಥವಾ ಪ್ರಾಥಮಿಕ ಶಾಲೆಯ ಮಗುವಿಗೆ ತಿಂಗಳಿಗೆ 300 ಪೆಸೊ, ಪ್ರೌಢಶಾಲೆಯ ಕೆಳ ತರಗತಿಗೆ 500, ಮೇಲಿನ ತರಗತಿಗೆ 700 ಪೆಸೊ; ಇವುಗಳಿಗಿಂತ ಕಡಮೆ ಕೊಡಕೂಡದು. ಇದು ವರ್ಷದಲ್ಲಿ ಹತ್ತು ತಿಂಗಳು, ಮೂರು ಮಕ್ಕಳವರೆಗೆ. ಇದಲ್ಲದೆ ಕುಟುಂಬದ ಆರೋಗ್ಯ ಮತ್ತು ಪೌಷ್ಟಿಕ ಆಹಾರಕ್ಕೆ ಹನ್ನೆರಡು ತಿಂಗಳೂ ತಿಂಗಳಿಗೆ 750 ಪೆಸೊ. ಪೆಸೊ ಎಂದರೆ ಅಲ್ಲಿಯ ನಾಣ್ಯ. ಈಚಿನ ವರ್ಷಗಳಲ್ಲಿ ಅದರ ಬೆಲೆ ನಮ್ಮ ಒಂದೂವರೆ ರೂಪಾಯಿಯ ಆಸುಪಾಸಿನಲ್ಲಿದೆ. ಪ್ರಾಥಮಿಕ ಶಾಲೆಗೆ ಹೋಗುವ ಒಂದು ಮಗು, ಪ್ರೌಢಶಾಲೆಯ ಕೆಳ ತರಗತಿಯ ಇನ್ನೊಂದು ಮಗು ಇರುವ ಮನೆಗೆ ಶಾಲೆ ನಡೆಯುವ ತಿಂಗಳಲ್ಲಿ 300, 500, 750 ಸೇರಿ 1,550 ಪೆಸೊ ಸಲ್ಲುತ್ತದೆ.

ಹಣಕ್ಕೆ ಪ್ರತಿಯಾಗಿ ಕುಟುಂಬವೂ ಕೆಲವು ಕರ್ತವ್ಯಗಳನ್ನು ಒಪ್ಪಿಕೊಳ್ಳಬೇಕು. ಮಗು ನೂರು ದಿನದ ಶಾಲೆಯಲ್ಲಿ ಎಂಬತ್ತೈದು ದಿನವಾದರೂ ಹಾಜರಿರಬೇಕು. ಬಸುರಿ ಹೆಂಗಸು ಪರೀಕ್ಷೆ ಮಾಡಿಸಿಕೊಳ್ಳಬೇಕು. ತರಬೇತಿ ಪಡೆದವರ ಕೈಯಲ್ಲಿ ಹೆರಿಗೆಯಾಗಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಲಸಿಕೆ ಹಾಕಿಸಬೇಕು. ಒಂದರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ವರ್ಷಕ್ಕೆ ಎರಡು ಸಲ ಜಂತುಹುಳುವಿನ ಔಷಧಿ ಕೊಡಿಸಬೇಕು. ಮನೆಯ ಹಿರಿಯರೊಬ್ಬರು ತಿಂಗಳಿಗೊಮ್ಮೆ ಕುಟುಂಬ ಶಿಕ್ಷಣದ ಸಭೆಗೆ ಬರಬೇಕು. ಸುಮಾರು ಇಪ್ಪತ್ತೈದು ಮೂವತ್ತು ಮನೆಗಳಿಗೆ ಒಬ್ಬ ಮುಂದಾಳನ್ನು ಅವರೊಳಗಿಂದಲೇ ಆರಿಸುತ್ತಾರೆ. ಹೆಚ್ಚಿನವರು ತಾಯಂದಿರೇ. ಒಂದು ಕುಟುಂಬಕ್ಕೆ ಈ ನೆರವು ಏಳು ವರ್ಷಗಳವರೆಗೆ ಎಂದು ಕಾನೂನು ಮಿತಿಯನ್ನಿಟ್ಟಿದೆ. ಸಂಕವಿರುವುದು ದಾಟುವುದಕ್ಕೆ, ಅದರ ಮೇಲೆ ಮನೆ ಕಟ್ಟುವುದಕ್ಕಲ್ಲ.

ಜನರ ಆಕ್ಷೇಪಣೆ

ಹಣ ಸುಮ್ಮನೆ ಕೊಟ್ಟರೆ ಜನ ಸೋಮಾರಿಗಳಾಗುವುದಿಲ್ಲವೆ, ಅದು ಹೆಂಡದಂಗಡಿಗೆ ಹೋಗುವುದಿಲ್ಲವೆ ಎಂದು ತಾವು ಕೇಳಬಹುದು. ಅಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಯೋಜನೆ ನಡೆದ ಹಳ್ಳಿಗಳನ್ನೂ ಇನ್ನೂ ನಡೆಯದ ಹಳ್ಳಿಗಳನ್ನೂ ಹೋಲಿಸಿ 2011ರಲ್ಲಿ ಸರ್ಕಾರವೂ ವಿಶ್ವ ಬ್ಯಾಂಕೂ ಸೇರಿ ಸಮೀಕ್ಷೆ ಮಾಡಿದರು. ನೆರವು ಪಡೆದವರು ದುಡಿಮೆ ಬಿಟ್ಟದ್ದು ಕಂಡುಬರಲಿಲ್ಲ. ಹೆಂಡಕ್ಕೆ ಖರ್ಚು ಹೆಚ್ಚಿರಲಿಲ್ಲ. ಚಿಕ್ಕ ಮಕ್ಕಳು ಹೆಚ್ಚಾಗಿ ಶಾಲೆಗೆ ಸೇರಿದ್ದರು. ತೀರ ಕುಂಠಿತ ಬೆಳವಣಿಗೆಯ ಎಳೆ ಮಕ್ಕಳ ಸಂಖ್ಯೆ ಇಳಿದಿತ್ತು.

ಕೊರತೆಗಳೂ ಕಂಡವು. ಆಗ ನೆರವು ಹದಿನಾಲ್ಕು ವರ್ಷದ ಮಕ್ಕಳವರೆಗೆ ಮಾತ್ರ ಇತ್ತು. ಹನ್ನೆರಡು ದಾಟಿದ ಮಕ್ಕಳು ಶಾಲೆಗೆ ಸೇರುವುದರಲ್ಲಿ ಹೇಳಿಕೊಳ್ಳುವಂಥ ಸುಧಾರಣೆಯಾಗಿರಲಿಲ್ಲ. ಆದುದರಿಂದ 2014ರಿಂದ ಅದನ್ನು ಹದಿನೆಂಟು ವರ್ಷದವರೆಗೆ ವಿಸ್ತರಿಸಿದರು. ಇನ್ನೊಂದು ಸಂಗತಿ ಆ ಸಮೀಕ್ಷೆಯ ಅಂಕಿಗಳಿಂದಲೇ ಮುಂದೆ ತಿಳಿದುಬಂದಿತು. ಊರಿನ ಬಹುಪಾಲು ಮನೆಗಳಿಗೆ ಹಣ ಬಂದ ಕಡೆ ಮೊಟ್ಟೆಯಂಥ ಪದಾರ್ಥಗಳ ಬೆಲೆ ಏರಿತು. ಅದರಿಂದ ನೆರವು ಸಿಕ್ಕದ ಮನೆಗಳ ಎಳೆ ಮಕ್ಕಳಿಗೆ ಪೆಟ್ಟು ಬಿದ್ದಿತು. ಮತ್ತೊಂದು ಕೊರತೆ ಹಣದ ಮೊತ್ತದ್ದು. 2008ರಲ್ಲಿ ಪ್ರಾಥಮಿಕ ಶಾಲೆಯ ಮಗುವಿಗೆ ಗೊತ್ತುಪಡಿಸಿದ್ದ 300 ಪೆಸೊ, 2019ರ ಕಾನೂನಿನಲ್ಲಿಯೂ 300 ಪೆಸೊ ಆಗಿಯೇ ಉಳಿಯಿತು. ಅಕ್ಕಿಯ ಬೆಲೆ ಹಾಗೆ ನಿಂತಿರಲಿಲ್ಲ.

ವೃದ್ಧರು, ಅಂಗವಿಕಲರು, ಮಕ್ಕಳು

ಇನ್ನು ದುಡಿಯಲಾರದವರ ಮಾತು. ದಿಕ್ಕಿಲ್ಲದ ಮುದುಕರಿಗೆ ತಿಂಗಳಿಗೆ 500 ಪೆಸೊ ಕೊಡಬೇಕೆಂದು 2010ರಲ್ಲಿ ಕಾನೂನಾಯಿತು. ಅರವತ್ತು ದಾಟಿದವರು, ಕಾಯಿಲೆಯವರು ಅಥವಾ ನಿತ್ರಾಣರು, ಬೇರೆ ನಿವೃತ್ತಿ ವೇತನವಾಗಲಿ ಮಕ್ಕಳ ಖಾಯಂ ಆಸರೆಯಾಗಲಿ ಇಲ್ಲದವರು ಇದಕ್ಕೆ ಅರ್ಹರು. 2022ರ ಕಾನೂನು ಅದನ್ನು 1,000 ಪೆಸೊಗಳಿಗೆ ಏರಿಸಿತು; ಏರಿದ ದರ ಕೈಗೆ ಬಂದದ್ದು 2024ರಲ್ಲಿ. ಕಾನೂನಿಗೂ ಕೈಗೂ ನಡುವೆ ಎರಡು ವರ್ಷ ಹಿಡಿಯಿತೆಂಬುದನ್ನು ಗಮನಿಸಿರಿ. ಮುದುಕರ ಪಾಲಿಗೆ ಎರಡು ವರ್ಷ ಸಣ್ಣ ಕಾಲವಲ್ಲ.

ವೃದ್ಧರಿಗೂ ಅಂಗವಿಕಲರಿಗೂ ಔಷಧಿಯ ಬೆಲೆಯಲ್ಲಿ ನೂರಕ್ಕೆ ಇಪ್ಪತ್ತರಷ್ಟು ರಿಯಾಯಿತಿ ಉಂಟು. ಒಂಟಿಯಾಗಿ ಮಕ್ಕಳನ್ನು ಸಾಕುವ ತಾಯಿ ಅಥವಾ ತಂದೆಗೆ ನೆರವಾಗುವ ಕಾನೂನು 2000ದಲ್ಲಿ ಬಂದು, 2022ರಲ್ಲಿ ವಿಸ್ತಾರವಾಯಿತು. ಪ್ರತಿ ಬರಂಗಾಯ್‌ನಲ್ಲಿ ಶಿಶುವಿಹಾರವಿರಬೇಕೆಂದು 1990ರಲ್ಲಿಯೇ ವಿಧಿಸಲಾಯಿತು. ಅಲ್ಲಿಗೆ ಬರುವ ಅಪೌಷ್ಟಿಕ ಮಕ್ಕಳಿಗೆ ವರ್ಷಕ್ಕೆ 120 ದಿನಗಳಿಗೆ ಕಡಮೆಯಿಲ್ಲದಂತೆ ಊಟ ಹಾಕಬೇಕೆಂದು 2018ರ ಕಾನೂನು ಹೇಳುತ್ತದೆ. ಇವಲ್ಲದೆ ಹಠಾತ್ ಕಷ್ಟ ಬಂದ ಮನೆಗೆ ಆಸ್ಪತ್ರೆಯ ಖರ್ಚು, ಶವಸಂಸ್ಕಾರದ ಖರ್ಚು, ಪ್ರಯಾಣದ ಖರ್ಚುಗಳಿಗೆ ಇಲಾಖೆಯಿಂದ ಸಹಾಯ ದೊರೆಯುತ್ತದೆ.

ಗಾಳಿ ಬಂದ ದಿನ

2013ನೆಯ ಇಸವಿ ನವೆಂಬರ್ 8ರಂದು ‘ಯೊಲಾಂಡ’ ಎಂಬ ಮಹಾ ಚಂಡಮಾರುತ ಲೇಯ್ಟೆ ದ್ವೀಪದ ಟಾಕ್ಲೊಬಾನ್ ನಗರವನ್ನೂ ಸುತ್ತಣ ಪ್ರಾಂತಗಳನ್ನೂ ನೆಲಸಮ ಮಾಡಿತು. ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಶಾಲೆಯೇ ಇಲ್ಲದ ಮೇಲೆ ಹಾಜರಿ ಎಲ್ಲಿಯದು? ಅಂಥ ಕಡೆ ಪಂತವಿದ್ ಯೋಜನೆಯ ಷರತ್ತುಗಳನ್ನು ಕೆಲವು ಕಾಲ ಸಡಿಲಿಸಿ ಹಣ ಕೊಟ್ಟರು. ವಿಶ್ವಸಂಸ್ಥೆಯ ಆಹಾರ ಕಾರ್ಯಕ್ರಮದವರೂ ಮಕ್ಕಳ ನಿಧಿಯವರೂ ಅದೇ ಪಟ್ಟಿಯನ್ನು ಹಿಡಿದು ಹೆಚ್ಚಿನ ಹಣವನ್ನು ಹಂಚಿದರು. ಮೊದಲೇ ಬರೆದಿಟ್ಟ ಪಟ್ಟಿ ಇದ್ದುದರಿಂದ ನೆರವು ಬೇಗ ತಲುಪಿತು. ಆ ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಆ ದಾರಿಯಿಂದ ಬರುವ ಹಣ ಸಿಕ್ಕುವಂತಿರಲಿಲ್ಲ. ಅವರು ಬೇರೆ ದಾರಿಯ ನೆರವಿಗೆ ಕಾಯಬೇಕಾಯಿತು.

ಪಟ್ಟಿಯೇ ಬೇರು

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಪಟ್ಟಿಯ ವಿಷಯ. ಯಾರು ಬಡವರೆಂದು ಅಲ್ಲಿ ಹೇಗೆ ಗೊತ್ತುಮಾಡುತ್ತಿದ್ದರು? ಮನೆ ಮನೆಗೆ ಹೋಗಿ ಗೋಡೆ ಯಾವುದರದ್ದು, ಸೂರು ಯಾವುದರದ್ದು, ಪಾಯಿಖಾನೆ ಇದೆಯೆ, ಓದಿದವರು ಎಷ್ಟು, ಕಸಬು ಏನು ಎಂದು ಬರೆದುಕೊಂಡು, ಅದರಿಂದ ಆದಾಯವನ್ನು ಅಂದಾಜು ಮಾಡುತ್ತಿದ್ದರು. ರೈತರು, ಬೆಸ್ತರು, ಮೂಲನಿವಾಸಿಗಳು, ಮನೆಯಿಲ್ಲದವರು, ವಿದ್ಯುಚ್ಛಕ್ತಿ ಇಲ್ಲದ ದೂರದ ಊರಿನವರು, ಇವರನ್ನು ಈ ಎಣಿಕೆಯಿಂದ ಬಿಡಕೂಡದೆಂದು 2019ರ ಕಾನೂನಿನಲ್ಲಿ ಸ್ಪಷ್ಟವಾಗಿ ಬರೆದಿದೆ. ಎಣಿಕೆಯಾದ ಮೇಲೆ ಕರಡು ಪಟ್ಟಿಯನ್ನು ಬರಂಗಾಯ್‌ನಲ್ಲಿ ಎಲ್ಲರಿಗೂ ಕಾಣುವಂತೆ ಅಂಟಿಸುತ್ತಿದ್ದರು. ಬಿಟ್ಟುಹೋದವರು ದೂರು ಕೊಡಬಹುದಿತ್ತು. ಉಳ್ಳವರ ಹೆಸರು ಸೇರಿದ್ದರೆ ಆಕ್ಷೇಪಿಸಬಹುದಿತ್ತು.

ಕ್ರಮ ಒಳ್ಳೆಯದೇ. ಆದರೆ ಪಟ್ಟಿ ಹಳತಾಗುತ್ತದೆ. ಮೊದಲ ಎಣಿಕೆ 2009ರಲ್ಲಿ ಪ್ರಾರಂಭವಾಯಿತು. ಎರಡನೆಯದು 2015ರಲ್ಲಿ ನಡೆಯಿತು. ಮೂರನೆಯದು ಕೋವಿಡ್ ಕಾಲದಲ್ಲಿ ಹಿಂದೆ ಬಿತ್ತು. ಇಷ್ಟರಲ್ಲಿ ಗಂಡ ತೀರಿಕೊಂಡ ಮನೆಗಳು, ದೋಣಿ ಮುಳುಗಿದ ಬೆಸ್ತರು, ಫಸಲು ಕಳೆದುಕೊಂಡ ಗೇಣಿದಾರರು ಎಷ್ಟು ಮಂದಿಯಾಗಿರಬಹುದು! ಕಾಗದದಲ್ಲಿ ಅವರು ಹಿಂದಿನ ಸ್ಥಿತಿಯಲ್ಲಿಯೇ ಇರುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಪೂಜಾರಿಯ ಜಾಗದಲ್ಲಿ ಒಂದು ಹಳೆಯ ಕಾಗದ ಕೂತಿರುತ್ತದೆ.

ಈ ಕೊರತೆಗೆ ಮದ್ದು ಅವರ ಇನ್ನೊಂದು ಯೋಜನೆಯಲ್ಲಿ ಕಾಣುತ್ತದೆ. 2003ರಲ್ಲಿ ಪ್ರಾರಂಭವಾದ ‘ಕಲಹಿ’ ಯೋಜನೆಯಲ್ಲಿ ಊರಿಗೆ ಬೇಕಾದುದು ಕುಡಿಯುವ ನೀರೋ, ಕಾಲುಸೇತುವೆಯೋ, ಶಾಲೆಯ ಕೊಠಡಿಯೋ ಎಂಬುದನ್ನು ಊರವರೇ ಸಭೆ ಸೇರಿ ನಿಶ್ಚಯಿಸುತ್ತಾರೆ. ಸಾಮಾನು ಕೊಳ್ಳುವುದು, ಲೆಕ್ಕ ಇಡುವುದು, ಕೆಲಸ ನೋಡಿಕೊಳ್ಳುವುದು, ಎಲ್ಲಕ್ಕೂ ಊರಿನ ಸ್ವಯಂಸೇವಕರೇ. ಹತ್ತು ಜನ ಕೂತು ನೋಡುವ ಕಡೆ ಯಾರು ಬಿಟ್ಟುಹೋದರು ಎಂಬುದು ಬೇಗ ತಿಳಿಯುತ್ತದೆ.

ನಾವು ಮಾಡತಕ್ಕದ್ದು

ಬಾಂಧವರೇ, ಇದರಿಂದ ನಾವು ಮೂರು ಮಾತುಗಳನ್ನು ಮನೆಗೆ ಒಯ್ಯಬಹುದು. ಒಂದು, ನೆರವು ಪಡೆಯುವವರನ್ನು ಹಗುರವಾಗಿ ಕಾಣಬಾರದು; ಇಂದು ಅವರ ಸರದಿಯಾದರೆ, ಮಳೆ ಕೈಕೊಟ್ಟ ವರ್ಷ ನಮ್ಮ ಸರದಿ. ಎರಡು, ಹಣದ ಜೊತೆಗೆ ಶಾಲೆಯೂ ಆರೋಗ್ಯ ಕೇಂದ್ರವೂ ಸರಿಯಾಗಿ ನಡೆಯಬೇಕು. ದಾದಿಯೇ ಬಾರದ ಊರಿನಲ್ಲಿ ಲಸಿಕೆ ಹಾಕಿಸೆಂದು ತಾಯಿಗೆ ಷರತ್ತು ಹಾಕಿದರೆ ಅದು ನ್ಯಾಯವಾಗದು. ಮೂರು, ಪಟ್ಟಿಯನ್ನು ಕಾಯುವ ಕೆಲಸ ಊರಿನದು.

ಮುಂದಿನ ಗ್ರಾಮ ಸಭೆಗೆ ಬರುವ ಮೊದಲು ತಾವು ತಮ್ಮ ಕೇರಿಯಲ್ಲಿ ಒಮ್ಮೆ ತಿರುಗಾಡಿ ನೋಡಿರಿ. ಪಿಂಚಣಿ ಬಾರದ ವಿಧವೆ ಯಾರು, ಕಚೇರಿಗೆ ನಡೆದು ಹೋಗಲಾರದ ಅಂಗವಿಕಲರು ಯಾರು, ಶಾಲೆ ಬಿಟ್ಟು ದನ ಕಾಯುವ ಮಗು ಯಾರದು? ಅವರ ಹೆಸರನ್ನು ಅವರೇ ಬಂದು ಹೇಳುವುದಿಲ್ಲ. ಸಂಕೋಚ ಅವರ ಬಾಯಿ ಕಟ್ಟಿರುತ್ತದೆ. ಆ ಹೆಸರನ್ನು ಸಭೆಯಲ್ಲಿ ಎದ್ದು ಹೇಳಿರಿ, ಬರೆದುಕೊಳ್ಳುವವರೆಗೆ ಕೂರಬೇಡಿರಿ. ನಮ್ಮೂರಿನಲ್ಲಿ ಅಷ್ಟಾದರೆ ಈ ಹೊತ್ತು ತಾವು ನನ್ನ ಮಾತಿಗೆ ಕೊಟ್ಟ ಸಮಯ ಸಾರ್ಥಕವಾದಂತೆ.