ಸಂಗಮದ ಹಾದಿ



ಯಾತ್ರೆಯೆಂದರೆ ಹೋಗುವುದು. ಹೇಗೆ ಹೋಗಬೇಕೆಂಬುದನ್ನು ಆ ಶಬ್ದ ಹೇಳುವುದಿಲ್ಲ; ಆದುದರಿಂದ ನಾವೂ ಆ ವಿಷಯವನ್ನು ಯೋಚಿಸುವುದನ್ನು ಬಿಟ್ಟಿದ್ದೇವೆ. ಮಂದಿರದ ಬಾಗಿಲವರೆಗೆ ವಾಹನ ಬರುವಾಗ ಕಾಲಿಗೆ ಕೆಲಸವೇನು ಎಂದು ಕೇಳುವವರುಂಟು. ಈ ಪ್ರಶ್ನೆಗೆ ಉತ್ತರವಾಗಿ ನಾನು ಒಂದು ಚಿಕ್ಕ ಹಾದಿಯ ವಿಷಯವನ್ನು ಹೇಳಬೇಕೆಂದಿದ್ದೇನೆ. ಅದು ಕಲಬುರಗಿ ಜಿಲ್ಲೆಯ ಅಫಜಲಪುರ ತಾಲ್ಲೂಕಿನಲ್ಲಿದೆ. ದೇವಲ ಗಾಣಗಾಪುರದ ದತ್ತ ಮಂದಿರದಿಂದ ಭೀಮಾ ಮತ್ತು ಅಮರ್ಜಾ ನದಿಗಳು ಕೂಡುವ ಸ್ಥಳದವರೆಗೆ ಅದರ ಉದ್ದ ಸುಮಾರು 3 ಕಿಲೋಮೀಟರು. ಹಳೆಯ ಲೆಕ್ಕದಲ್ಲಿ ಎರಡು ಮೈಲಿಗೆ ಕೊಂಚ ಕಡಮೆ. ನಿಧಾನವಾಗಿ ನಡೆದರೂ ಒಂದು ಗಂಟೆಯೊಳಗೆ ಮುಗಿಯುವ ದಾರಿ.

ಊರಿನ ಮಂದಿರವನ್ನು ನಿರ್ಗುಣ ಮಠವೆನ್ನುವರು. ಅಲ್ಲಿ ಪೂಜೆಗೊಳ್ಳುವುದು ಪಾದುಕೆಗಳು. ಚಿಕ್ಕ ಕಿಂಡಿಯೊಂದರ ಮೂಲಕ ಅವುಗಳ ದರ್ಶನ. ನಡೆದ ಪಾದಗಳ ಗುರುತೇ ದೇವರಾಗಿರುವ ಊರು ಇದು. ಹದಿನೈದನೆಯ ಶತಮಾನದಲ್ಲಿ ಇಲ್ಲಿ ನೆಲಸಿದ ಶ್ರೀ ನೃಸಿಂಹ ಸರಸ್ವತಿಗಳು ದಿನವೂ ಮಠದಿಂದ ಸಂಗಮಕ್ಕೆ ನಡೆದುಹೋಗಿ, ಅನುಷ್ಠಾನ ಮುಗಿಸಿ, ಮಧ್ಯಾಹ್ನಕ್ಕೆ ಹಿಂತಿರುಗುತ್ತಿದ್ದರೆಂದು ‘ಗುರುಚರಿತ್ರೆ’ ಹೇಳುತ್ತದೆ. ಆ ಗ್ರಂಥವನ್ನು ಮರಾಠಿಯಲ್ಲಿ ರಚಿಸಿದ ಸರಸ್ವತೀ ಗಂಗಾಧರರು ತಮಗೆ ಆ ಭಾಷೆ ಬಾರದೆಂದು ವಿನಯದಿಂದ ಹೇಳಿಕೊಂಡಿದ್ದಾರೆ. ಗ್ರಂಥದ ನಡುವೆ ಕನ್ನಡ ಪದ್ಯಗಳೂ ಉಂಟು. ಮಂದಿರದ ಅಂಗಳದಲ್ಲಿ ಇಂದಿಗೂ ಎರಡು ಭಾಷೆಗಳು ಬೆರೆತು ಕೇಳುತ್ತವೆ. ಮಧ್ಯಾಹ್ನ ಐದು ಮನೆಗಳಲ್ಲಿ ಮಧುಕರಿ ಬೇಡುವ ಪದ್ಧತಿಯೂ ಉಳಿದಿದೆ. ಸಿರಿವಂತನೂ ಇಲ್ಲಿ ಜೋಳಿಗೆ ಹಿಡಿದು ಇನ್ನೊಬ್ಬರ ಹೊಸ್ತಿಲ ಮುಂದೆ ನಿಲ್ಲಬೇಕು.

ಊರು ದಾಟಿದೊಡನೆ ಎರೆಭೂಮಿ ಕಾಣುತ್ತದೆ. ಜೋಳ, ತೊಗರಿ, ಕಬ್ಬು ಇಲ್ಲಿಯ ಬೆಳೆಗಳು. ಹಾದಿಯಲ್ಲಿ ವಿಶ್ರಾಂತಿ ಕಟ್ಟೆಯೆಂಬ ಸ್ಥಳ ಸಿಗುತ್ತದೆ. ಗುರುಗಳು ಹೋಗುವಾಗ ಬರುವಾಗ ಅಲ್ಲಿ ಕೂಡುತ್ತಿದ್ದರೆಂದು ಪ್ರತೀತಿ. ಈ ಹಾದಿಗೆ ಸೇರಿದ ರೈತನ ಕಥೆಯೊಂದುಂಟು. ತನ್ನ ಹೊಲದ ಪಕ್ಕದಲ್ಲಿ ದಿನವೂ ಹಾದುಹೋಗುತ್ತಿದ್ದ ಯತಿಗೆ ಅವನು ನಮಸ್ಕರಿಸುತ್ತಿದ್ದನು. ಒಂದು ದಿನ ಅವರು, ತಾವು ಹಿಂತಿರುಗುವಷ್ಟರಲ್ಲಿ ಪೈರನ್ನೆಲ್ಲ ಕೊಯ್ದುಬಿಡೆಂದರು. ಪೈರಿನ್ನೂ ಎಳೆಯದು, ಹೆಂಡತಿ ಅತ್ತಳು, ಊರವರು ಬೈದರು. ಅವನು ಕೊಯ್ದನು. ಆಮೇಲೆ ಹವೆ ಕೆಟ್ಟು ಊರಿನ ಬೆಳೆಯೆಲ್ಲ ಹಾಳಾದಾಗ, ಅವನ ಕೂಳೆಗಳು ಚಿಗುರಿ ಹಿಂದೆಂದೂ ಕಾಣದಷ್ಟು ತೆನೆಗಟ್ಟಿದವು. ಜೋಳವು ಕೂಳೆಯಿಂದ ಮತ್ತೆ ಚಿಗುರುವ ಪೈರೆಂಬುದನ್ನು ಒಕ್ಕಲು ಮಗನು ಬಲ್ಲನು. ಪವಾಡವನ್ನು ನಂಬುವುದೂ ಬಿಡುವುದೂ ನಿಮಗೆ ಸೇರಿದ್ದು. ನಾನು ಗಮನಿಸುವುದು ಇಷ್ಟೆ: ಗುರು ಮೇನೆಯಲ್ಲಿ ಹೋಗಿದ್ದರೆ ಈ ಕಥೆ ಹುಟ್ಟುತ್ತಿರಲಿಲ್ಲ. ನಡೆಯುವವನಿಗೂ ಉಳುವವನಿಗೂ ನಡುವೆ ಒಂದು ಬದುವಿನಷ್ಟೇ ಅಂತರ.

ಸಂಗಮದ ಬಳಿ ಅತ್ತಿಯ ಮರದ ನೆರಳಿನಲ್ಲಿ ಪಾರಾಯಣಕ್ಕೆ ಕುಳಿತವರನ್ನು ಕಾಣುವಿರಿ. ಸಮೀಪದಲ್ಲಿಯೇ ಭಸ್ಮದ ಗುಡ್ಡ. ಭಕ್ತರು ಅಲ್ಲಿಯ ಬೂದಿಮಣ್ಣನ್ನು ಮನೆಗೆ ಒಯ್ಯುವರು. ಮುಂದೆ ನೀರು. ಆಳಂದ ತಾಲ್ಲೂಕಿನಿಂದ ಅಮರ್ಜಾ ಬರುತ್ತದೆ. ಸಹ್ಯಾದ್ರಿಯ ಭೀಮಾಶಂಕರದಿಂದ ಭೀಮೆ ಬರುತ್ತದೆ. ಕೂಡಿದ ಪ್ರವಾಹವು ಜೇವರ್ಗಿ ತಾಲ್ಲೂಕಿನ ಅಂಚನ್ನು ಮುಟ್ಟಿ, ರಾಯಚೂರಿನ ಉತ್ತರಕ್ಕೆ ಕೃಷ್ಣೆಯನ್ನು ಸೇರುತ್ತದೆ.

ನೀರು ಎಂದೆನಷ್ಟೆ? ಅದು ಎಲ್ಲ ಕಾಲಕ್ಕೂ ಸಲ್ಲುವ ಮಾತಲ್ಲ. ಬೇಸಗೆಯಲ್ಲಿ ಬಂಡೆಯೂ ಮರಳೂ ತೇಲಿ, ತೀರ್ಥಸ್ನಾನಕ್ಕೆ ಬಂದವರು ಮಡುಗಳನ್ನು ಹುಡುಕುವ ವರ್ಷಗಳುಂಟು. ಮೇಲೆ ಸೊಲ್ಲಾಪುರ ಜಿಲ್ಲೆಯಲ್ಲಿ 1980ರಲ್ಲಿ ಪೂರ್ಣಗೊಂಡ ಉಜನಿ ಅಣೆಕಟ್ಟಿದೆ. ಇತ್ತ ಅಫಜಲಪುರ ತಾಲ್ಲೂಕಿನಲ್ಲಿ ಸೊನ್ನದ ಬ್ಯಾರೇಜಿದೆ. ನದಿಗೆ ನೀರು ಬಿಡಿರೆಂದು ದಂಡೆಯ ಜನ ಬೇಡಬೇಕಾಗಿ ಬರುತ್ತದೆ. 2020ರ ಅಕ್ಟೋಬರಿನಲ್ಲಾದರೋ ಅದೇ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ದಂಡೆಯ ಹಳ್ಳಿಗಳಿಗೆ ನುಗ್ಗಿತು. ಜನ ಮನೆಮಠ ಬಿಟ್ಟು ಏರುನೆಲಕ್ಕೆ ಹೋಗಬೇಕಾಯಿತು. ಒಂದೇ ನದಿಯ ಎರಡು ಮುಖಗಳಿವು. ವಾಹನದಿಂದ ಇಳಿದು, ತಲೆಗೆ ನೀರು ಚಿಮುಕಿಸಿಕೊಂಡು, ಐದು ನಿಮಿಷದಲ್ಲಿ ಹಿಂತಿರುಗುವ ಯಾತ್ರಿಕನಿಗೆ ಭೀಮೆ ಕೇವಲ ತೀರ್ಥ. ಹೊಲದ ನಡುವೆ ನಡೆದು ಬಂದವನಿಗೆ ಅದು ಜೋಳದ ನೀರೂ ಹೌದು, ದನಕರುಗಳ ನೀರೂ ಹೌದು. ನದಿಯನ್ನು ತಾಯಿಯೆನ್ನುವವರು ಆಕೆ ಬಡವಾದುದನ್ನಾದರೂ ಕಣ್ಣಾರೆ ಕಾಣಬೇಡವೆ?

ಹೋಗಬಯಸುವವರಿಗೆ ಎರಡು ಮಾತು. ಮುಂಬಯಿ-ಚೆನ್ನೈ ರೈಲುಮಾರ್ಗದಲ್ಲಿ ಗಾಣಗಾಪುರ ರೋಡ್ ಎಂಬ ನಿಲ್ದಾಣವಿದೆ. ಅಲ್ಲಿಂದ ಊರು ಸುಮಾರು 20 ಕಿಲೋಮೀಟರು. ಕಾರ್ತಿಕದಿಂದ ಮಾಘದವರೆಗಿನ ಕಾಲ ಹಿತವಾದದ್ದು. ಬೇಸಗೆಯಲ್ಲಾದರೆ ಹೊತ್ತು ಏರುವ ಮುನ್ನವೇ ಹೊರಡಬೇಕು. ಮಳೆಗಾಲದಲ್ಲಿ ಎರೆಮಣ್ಣು ಕಾಲನ್ನು ಬಿಡುವುದಿಲ್ಲ. ಹೊಳೆ ತುಂಬಿದಾಗ ದಡದಲ್ಲಿಯೇ ನಿಂತು ಕೈಮುಗಿದರೆ ಸಾಕು.

ವೃದ್ಧರಿಗೂ ಅಶಕ್ತರಿಗೂ ವಾಹನವಿರಲಿ. ಕಾಲಿನಲ್ಲಿ ಬಲವುಳ್ಳವರು ಹೋಗುವಾಗಲಾದರೂ ನಡೆಯಲಿ. ದಾರಿಯಲ್ಲಿ ಹೊಲದವರು ಸಿಕ್ಕರೆ, ಈ ವರ್ಷ ಬೆಳೆ ಹೇಗಿದೆ, ಹೊಳೆಯಲ್ಲಿ ನೀರೆಷ್ಟಿದೆ ಎಂದು ಕೇಳಲಿ.