ಯೆರೆಮೀಯನ ಪತ್ರ

2021ರ ಮೇ ತಿಂಗಳು ನಿಮಗೆಲ್ಲ ನೆನಪಿದ್ದೇ ಇರುತ್ತದೆ. ಇಲ್ಲಿ ಫರೀದಾಬಾದಿನಲ್ಲಿ ಆಕ್ಸಿಜನ್ ಸಿಲಿಂಡರಿಗಾಗಿ ರಾತ್ರಿಯಿಡೀ ಫೋನ್ ಮಾಡುತ್ತಿದ್ದ ದಿನಗಳು ಅವು. ಉಡುಪಿ ಕಡೆಯಿಂದ ಬಂದು ನಮ್ಮ ಬಡಾವಣೆಯಲ್ಲಿ ನೆಲೆಸಿದ ಕ್ರೈಸ್ತ ಕುಟುಂಬವೊಂದು ಮನೆಯ ಯಜಮಾನರನ್ನು ಕಳೆದುಕೊಂಡಿತು. ತಿಂಗಳು ಕಳೆದು ಅವರ ಮನೆಗೆ ಹೋದಾಗ ಆ ತಾಯಿ ಕೇಳಿದ್ದು ಒಂದೇ ಮಾತು: "ದೇವರು ಕಾಪಾಡುತ್ತಾನೆ ಅಂತ ಪ್ರವಾದಿಗಳು ಅಷ್ಟೊಂದು ಬರೆದಿದ್ದಾರಲ್ಲ ಅಣ್ಣಾ, ನಮ್ಮನ್ನು ಯಾಕೆ ಕಾಪಾಡಲಿಲ್ಲ?" ನನ್ನಲ್ಲಿ ಉತ್ತರವಿರಲಿಲ್ಲ. ಚಹಾ ಕುಡಿದು ಎದ್ದು ಬಂದೆ. ಆಮೇಲೆ ಪ್ರವಾದಿಗಳ ಗ್ರಂಥಗಳನ್ನು ಮತ್ತೆ ತೆರೆದು ಕುಳಿತೆ.

ಯೆರೂಸಲೇಮಿಗೆ ಎರಡು ದೊಡ್ಡ ಮುತ್ತಿಗೆಗಳು ಬಂದವು. ಕ್ರಿ.ಪೂ. 701ರಲ್ಲಿ ಅಶ್ಶೂರದ ದೊರೆ ಸನ್ಹೇರೀಬ ಬಂದ. ಪಟ್ಟಣ ಅವನ ಕೈಗೆ ಸಿಗದು ಎಂದು ಪ್ರವಾದಿ ಯೆಶಾಯ ಹೇಳಿದ; ಹಾಗೆಯೇ ಆಯಿತು. ಸನ್ಹೇರೀಬನ ಸ್ವಂತ ಶಾಸನದಲ್ಲೂ ಯೆರೂಸಲೇಮಿನ ದೊರೆಯನ್ನು ಪಂಜರದ ಹಕ್ಕಿಯಂತೆ ಕೂಡಿಹಾಕಿದ ಜಂಬವಿದೆಯೇ ಹೊರತು ಪಟ್ಟಣ ಹಿಡಿದ ಮಾತಿಲ್ಲ. ನೂರು ವರ್ಷ ಕಳೆದ ಮೇಲೆ ಬಾಬೆಲಿನ ನೆಬೂಕದ್ನೆಚ್ಚರ ಬಂದ. ದೇವಾಲಯವಿರುವ ಊರು ಬೀಳುವುದುಂಟೇ ಎಂದು ಜನ ನಿಶ್ಚಿಂತರಾಗಿದ್ದರು. ಕ್ರಿ.ಪೂ. 586ರ ಹೊತ್ತಿಗೆ ಊರೂ ಬಿತ್ತು, ದೇವಾಲಯವೂ ಸುಟ್ಟುಹೋಯಿತು.

ಅದಕ್ಕೂ ಮೊದಲೇ ಕ್ರಿ.ಪೂ. 597ರಲ್ಲಿ ಒಂದು ತಂಡ ಬಾಬೆಲಿಗೆ ಸೆರೆಹೋಗಿತ್ತು. ಎರಡೇ ವರ್ಷದಲ್ಲಿ ಎಲ್ಲರೂ ಮರಳುತ್ತಾರೆ ಎಂದು ಹನನ್ಯ ಎಂಬ ಪ್ರವಾದಿ ಸಾರಿದ. ಯೆರೆಮೀಯ ಕೊರಳಿಗೆ ಹಾಕಿಕೊಂಡಿದ್ದ ಮರದ ನೊಗವನ್ನು ಎಲ್ಲರೆದುರು ಮುರಿದ. ಜನಕ್ಕೆ ಎಷ್ಟು ಹಿತವೆನಿಸಿರಬೇಕು! ಯೆರೆಮೀಯನಾದರೋ ಸೆರೆಯವರಿಗೆ ಪತ್ರ ಬರೆದ. 70 ವರ್ಷವಾಗುತ್ತದೆ, ಅಲ್ಲಿಯೇ ಮನೆ ಕಟ್ಟಿರಿ, ತೋಟ ಮಾಡಿರಿ, ಮಕ್ಕಳಿಗೆ ಮದುವೆ ಮಾಡಿರಿ, ಆ ಪರವೂರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎಂಬುದು ಅದರ ತಾತ್ಪರ್ಯ. ಅವನ ಪತ್ರದಲ್ಲಿ ಕಾಪಾಡುವುದೆಂದರೆ ಕಷ್ಟ ತಪ್ಪಿಸುವುದಲ್ಲ, ಕಷ್ಟದ ಊರಿನಲ್ಲೂ ಬದುಕನ್ನು ಕೈಬಿಡದಂತೆ ನಡೆಸುವುದು. ದಾನಿಯೇಲನ ಗ್ರಂಥದ ಮೂವರು ಯುವಕರೂ ಬೆಂಕಿಯ ಮುಂದೆ ನಿಂತು, ದೇವರು ಬಿಡಿಸಬಲ್ಲ, ಬಿಡಿಸದಿದ್ದರೂ ನಾವು ಅಡ್ಡಬೀಳೆವು ಎಂದರಲ್ಲ. ಆ "ಬಿಡಿಸದಿದ್ದರೂ" ಎಂಬುದನ್ನು ನಾವು ಓದುವಾಗ ಬೇಗ ದಾಟಿಬಿಡುತ್ತೇವೆ.

ನಮ್ಮ ನಾಡಿನಲ್ಲೂ ಇಂಥ ಸೆರೆವಾಸ ನಡೆದದ್ದುಂಟು. ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ 1784ರಲ್ಲಿ ಟಿಪ್ಪು ಸುಲ್ತಾನ ಕೆನರಾದ ಸಾವಿರಾರು ಕ್ಯಾಥೊಲಿಕರನ್ನು ಹಿಡಿದು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ದಾರಿಯಲ್ಲೇ ಎಷ್ಟೋ ಮಂದಿ ಸತ್ತರು. ಮಂಗಳೂರಿನ ಮಿಲಾಗ್ರಿಸ್ ಇಗರ್ಜಿ ನೆಲಸಮವಾಯಿತು. ಮೂಡುಬಿದಿರೆ ಬಳಿಯ ಹೋಲಿ ಕ್ರಾಸ್ ಇಗರ್ಜಿ ಮಾತ್ರ ಅಲ್ಲಿನ ಜೈನ ಅರಸ ಚೌಟರ ಮಾತಿನಿಂದ ಉಳಿಯಿತೆಂದು ಹೇಳುತ್ತಾರೆ. ಕಾಪಾಡುವ ಕೈ ನೆರೆಯವರದೂ ಆಗಿರಬಹುದು, ನೋಡಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಳಿದುಳಿದವರು ಮರಳಿ ಬಂದು ಇಗರ್ಜಿಗಳನ್ನು ಮತ್ತೆ ಕಟ್ಟಿದರು. 15 ವರ್ಷ! ಹನನ್ಯನ ಲೆಕ್ಕ ಅಲ್ಲಿಯೂ ನಡೆಯಲಿಲ್ಲ.

ನಾವಿರುವ ಈ ಫರೀದಾಬಾದಿನ ಎನ್‌ಐಟಿಯ ಕಥೆಯೂ ಇದಕ್ಕೆ ದೂರವಲ್ಲ. ದೇಶ ಒಡೆದಾಗ ವಾಯವ್ಯ ಗಡಿನಾಡಿನಿಂದ ಬಂದ ನಿರಾಶ್ರಿತರು 1949ರಿಂದೀಚೆಗೆ ತಮ್ಮ ಕೈಯಾರೆ ಕಟ್ಟಿಕೊಂಡ ಊರು ಅದು. ಆ ಕೆಲಸದಲ್ಲಿ ಕೈಜೋಡಿಸಿದ ಇಂಡಿಯನ್ ಕೋಆಪರೇಟಿವ್ ಯೂನಿಯನ್‌ನ ನಾಯಕಿ ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ. ಮಾರ್ಕೆಟ್ಟಿಗೆ ಹೋದಾಗ ಅಲ್ಲಿನ ಹಳೆಯ ಸಣ್ಣ ಮನೆಗಳನ್ನು ಒಮ್ಮೆ ಗಮನಿಸಿ.

ಪತ್ರದ ಆ ಅಧ್ಯಾಯವನ್ನು ಒಂದು ಸಂಜೆ ಆ ತಾಯಿಗೆ ಓದಿ ಹೇಳಿದೆ. "ಹಾಗಾದರೆ ಊರಿಗೆ ಹೋಗುವುದು ಬೇಡ ಅಂತೀರಾ?" ಎಂದರು. ನಾನು ಹಾಗೆ ಹೇಳಿರಲಿಲ್ಲ. ಮಗಳ ಓದು ಮುಗಿಯುವವರೆಗೆ ಇಲ್ಲಿಯೇ ಇರುವುದೆಂದು ಅವರೇ ನಿಶ್ಚಯಿಸಿದರು. ಈಗ ಭಾನುವಾರ ಮಧ್ಯಾಹ್ನ ಬಡಾವಣೆಯ ನಾಲ್ಕು ಮಕ್ಕಳಿಗೆ ಕನ್ನಡ ಅಕ್ಷರ ತಿದ್ದಿಸುತ್ತಾರೆ. ಅವರು ಅಂದು ಕೇಳಿದ ಪ್ರಶ್ನೆಯನ್ನು ಇನ್ನೂ ಬಿಟ್ಟಿಲ್ಲ. ಹೋದಾಗಲೆಲ್ಲ ಒಮ್ಮೆ ಕೇಳಿಯೇ ಕೇಳುತ್ತಾರೆ.