ಸ್ಟ್ರೀಮರ್ ಬದಲಿಸಿದರೆ ಹಾಡು ಬದಲಾಗುತ್ತಾ?

ಬಸ್ಸಲ್ಲೋ ಮೆಟ್ರೋದಲ್ಲೋ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ದೀರಾ? ಇವತ್ತಿನ ವಿಷಯ ನಿಮ್ಮ ಕಿವಿಗೂ ಸೇರಿದ್ದು, ಜೇಬಿಗೂ ಸೇರಿದ್ದು.

ಕಳೆದ ವರ್ಷ ಬೋನಸ್ ಬಂದಾಗ ನಾನು 60 ಸಾವಿರ ಕೊಟ್ಟು ಒಂದು ಮ್ಯೂಸಿಕ್ ಸ್ಟ್ರೀಮರ್ ತಗೊಳ್ಳೋಕೆ ಹೊರಟಿದ್ದೆ. ಸ್ಟ್ರೀಮರ್ ಅಂದ್ರೆ ಇಂಟರ್ನೆಟ್‌ನಿಂದ ಹಾಡು ಎಳೆದುಕೊಂಡು ನಮ್ಮ ಮನೆಯ ಆಂಪ್ಲಿಫೈಯರ್‌ಗೆ ತಲುಪಿಸೋ ಪುಟ್ಟ ಪೆಟ್ಟಿಗೆ. ನನಗಿಂತ ಹೆಚ್ಚಾಗಿ ಅದು ಅಪ್ಪನಿಗೋಸ್ಕರ. ಬಸವನಗುಡಿಯ ನಮ್ಮ ಮನೆಯಲ್ಲಿ ಅವರ ಹಳೇ ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರ್ ಇವೆ. ದಿನಾ ಬೆಳಗ್ಗೆ ಕಾಫಿ ಜೊತೆ ಮಲ್ಲಿಕಾರ್ಜುನ ಮನ್ಸೂರರನ್ನು ಕೇಳ್ತಿದ್ದ ಮನುಷ್ಯ. ಸಿಡಿ ಪ್ಲೇಯರ್ ಕೆಟ್ಟಾಗ ನಾನೇ ಒಂದು ಹಳೇ ಲ್ಯಾಪ್‌ಟಾಪ್ ಜೋಡಿಸಿಕೊಟ್ಟೆ. ಆಮೇಲಾಮೇಲೆ ಅವರು ಹಾಡು ಹಾಕೋದೇ ಬಿಟ್ಟರು. ಯಾಕೆ ಅಂತ ಕೇಳಿದ್ರೆ, “ಹೋಗ್ಲಿ ಬಿಡೋ, ಏನೋ ಗರಗರ ಅನ್ನುತ್ತೆ” ಅಂದುಬಿಡ್ತಿದ್ರು.

ತಪ್ಪು ಲ್ಯಾಪ್‌ಟಾಪ್‌ದೇ ಅಂತ ನಾನು ತೀರ್ಮಾನಿಸಿದೆ. ಗೆಳೆಯನೊಬ್ಬ ತನ್ನ ದುಬಾರಿ ಸ್ಟ್ರೀಮರನ್ನು ಒಂದು ವಾರದ ಮಟ್ಟಿಗೆ ಕೊಟ್ಟ. ಲ್ಯಾಪ್‌ಟಾಪ್ ತೆಗೆದಿಟ್ಟು ಅದನ್ನು ಜೋಡಿಸಿದೆ. ಮೊದಲ ರಾತ್ರಿಯೇ ನನಗೆ ಪರದೆ ಸರಿದ ಹಾಗಾಯ್ತು. ಸ್ವರ ನಿಂತ ಕಡೆ ಪೂರ್ತಿ ನಿಶ್ಶಬ್ದ, ತಂಬೂರಿ ಸ್ಪಷ್ಟ. ತಗೊಳ್ಳೋದೇ ಸರಿ ಅಂದುಕೊಂಡೆ.

ನನ್ನ ತಂಗಿ ನಕ್ಕಳು. “ಅಣ್ಣಾ, ಯಾವ್ದು ಹಾಡ್ತಿದೆ ಅಂತ ನಿಂಗೆ ಗೊತ್ತು. ಗೊತ್ತಿಲ್ದೇ ಹೇಳು ನೋಡೋಣ.”

ಅವಳ ಮಾತಿನ ಹಿಂದಿನ ವಿಜ್ಞಾನ ಸರಳ. ಸಿಡಿ ಗುಣಮಟ್ಟದ ಹಾಡು ಅಂದ್ರೆ ಶಬ್ದವನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ನಲ್ಲಿ ಬರೆದಿಟ್ಟ ಸಂಖ್ಯೆಗಳು. ಎಡ, ಬಲ ಎರಡೂ ಸೇರಿ ಸೆಕೆಂಡಿಗೆ 1,411 ಕಿಲೋಬಿಟ್. ಇವು ಇಂಟರ್ನೆಟ್‌ನಲ್ಲಿ ಪೊಟ್ಟಣ ಪೊಟ್ಟಣವಾಗಿ ಬರುತ್ತವೆ. ಒಂದು ಪೊಟ್ಟಣ ತಪ್ಪಿಹೋದರೆ ಅದನ್ನು ಮತ್ತೆ ಕೇಳಿ ತರಿಸಿಕೊಳ್ಳೋ ವ್ಯವಸ್ಥೆ ಇದೆ. ನೀವು ಯುಪಿಐನಲ್ಲಿ 500 ರೂಪಾಯಿ ಕಳಿಸ್ತೀರಿ. ಅಗ್ಗದ ಫೋನ್‌ನಿಂದ ಕಳಿಸಿದ್ರೂ ದುಬಾರಿ ಫೋನ್‌ನಿಂದ ಕಳಿಸಿದ್ರೂ ಅದು 500 ಆಗಿಯೇ ತಲುಪುತ್ತೆ ಅಲ್ವಾ? ಹಾಗೇ ಇದು. ನೆಟ್ ಕೈಕೊಟ್ಟರೆ ಹಾಡು ನಿಂತುಹೋಗುತ್ತೆ, ಇಲ್ಲಾ ಆ್ಯಪ್ ಕಡಿಮೆ ಗುಣಮಟ್ಟದ ಫೈಲ್‌ಗೆ ಇಳಿಯುತ್ತೆ. ಅದೇ ಫೈಲ್ ಪೂರ್ತಿ ಬಂದಮೇಲೆ, ಪೆಟ್ಟಿಗೆ ಅಗ್ಗದ್ದು ಅನ್ನೋ ಕಾರಣಕ್ಕೆ ತಂಬೂರಿ ಮಸುಕಾಗಲ್ಲ.

ಸಂಖ್ಯೆಗಳನ್ನು ವಿದ್ಯುತ್ ಅಲೆಯಾಗಿ ಬದಲಿಸೋದು ಡ್ಯಾಕ್ ಅನ್ನೋ ಭಾಗ. ಕೆಲವು ಸ್ಟ್ರೀಮರ್‌ಗಳ ಒಳಗೇ ಅದು ಇರುತ್ತೆ, ನಮ್ಮ ಮನೆಯಲ್ಲಿ ಬೇರೆಯಾಗಿ ಇತ್ತು. ಹಾಗಾಗಿ ಪರೀಕ್ಷೆ ಸುಲಭವಾಯ್ತು. ಒಂದೇ ಡ್ಯಾಕ್‌ಗೆ ಒಂದು ಕಡೆ ಲ್ಯಾಪ್‌ಟಾಪ್, ಇನ್ನೊಂದು ಕಡೆ ಸ್ಟ್ರೀಮರ್. ಒಂದೇ ಹಾಡು, ಎರಡರಲ್ಲೂ ವಾಲ್ಯೂಮ್ ಪೂರ್ತಿ. ವಾಲ್ಯೂಮ್ ಸಮ ಇರಲೇಬೇಕು. ಯಾಕಂದ್ರೆ ಚೂರು ಜೋರಾಗಿರೋದೇ ನಮ್ಮ ಕಿವಿಗೆ ಚೆನ್ನಾಗಿ ಕೇಳಿಸುತ್ತೆ. ತಂಗಿ ಡ್ಯಾಕ್‌ನ ಮುಖಕ್ಕೆ ಟವಲ್ ಮುಚ್ಚಿ, ನನ್ನ ಬೆನ್ನ ಹಿಂದೆ ರಿಮೋಟ್ ಹಿಡಿದು ಕೂತಳು. ನಾಣ್ಯ ಚಿಮ್ಮೋದು, ಬಿದ್ದದ್ದರ ಪ್ರಕಾರ ಬದಲಿಸೋದು. 16 ಸಲ ಕೇಳಿ 16 ಸಲ ಹೇಳಿದೆ.

9 ಸರಿ. ಕಣ್ಣುಮುಚ್ಚಿ ಊಹೆ ಮಾಡಿದ್ರೂ ಸರಾಸರಿ 8 ಸರಿಯಾಗುತ್ತೆ! 12 ದಾಟಿದ್ದರೆ ಏನೋ ಇದೆ ಅನ್ನಬಹುದಿತ್ತು.

ಹಾಗಾದ್ರೆ ಮೊದಲ ರಾತ್ರಿ ನಾನು ಕೇಳಿದ್ದು ಬರೀ ಭ್ರಮೆಯಾ? ಪೂರ್ತಿ ಅಲ್ಲ. ಪರೀಕ್ಷೆಯ ಹೊತ್ತಲ್ಲಿ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿತ್ತು. ಆಮೇಲೆ ಚಾರ್ಜರ್ ಹಾಕಿದ್ದೇ ತಡ, ಸ್ಪೀಕರ್‌ನಿಂದ ಸಣ್ಣಗೆ ‘ಗುಂಯ್’ ಅನ್ನೋ ಸದ್ದು. ಚಾರ್ಜರ್ ಒಂದು ಪ್ಲಗ್‌ನಲ್ಲಿ, ಆಂಪ್ಲಿಫೈಯರ್ ಇನ್ನೊಂದರಲ್ಲಿ. ಎರಡರ ಅರ್ಥಿಂಗ್ ಯುಎಸ್‌ಬಿ ವೈರಿನ ಮೂಲಕ ಒಂದು ಸುತ್ತು ಕಟ್ಟಿಕೊಂಡು ಗದ್ದಲ ತರ್ತಿತ್ತು. ಅಂದ್ರೆ ಉಪಕರಣದಿಂದ ಧ್ವನಿ ಕೆಡೋದು ನಿಜ. ಆದರೆ ಕೆಟ್ಟದ್ದು ಸಂಖ್ಯೆಗಳಲ್ಲ, ವೈರಿನ ಜೊತೆ ನುಸುಳಿದ ಕರೆಂಟು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ಗೆ ಹಾಕಿದೆ, ಸದ್ದು ಹೋಯ್ತು. ಎಷ್ಟೋ ಸಲ ಆಪ್ಟಿಕಲ್ ಕೇಬಲ್ ಕೂಡ ಇದಕ್ಕೆ ಮದ್ದು, ಅದರಲ್ಲಿ ಬೆಳಕು ಹೋಗುತ್ತೇ ಹೊರತು ಕರೆಂಟಲ್ಲ. ಒಂದು ಮಾತು: ಪ್ಲಗ್‌ನ ಅರ್ಥ್ ಪಿನ್ ಮಾತ್ರ ಯಾವತ್ತೂ ಮುರಿಯಬೇಡಿ. ಶಾಕ್ ಹೊಡೆದೀತು.

“ನನ್ನ ಹತ್ರ ಇರೋದು ಫೋನು, ಬ್ಲೂಟೂತ್ ಸ್ಪೀಕರ್ ಅಷ್ಟೇ” ಅಂತೀರಾ? ಅಲ್ಲಿ ವ್ಯತ್ಯಾಸಕ್ಕೆ ಕಾರಣ ಇದೆ. ಬ್ಲೂಟೂತ್‌ನಲ್ಲಿ ಫೋನ್ ಹಾಡನ್ನು ಬಿಚ್ಚಿ, ಮತ್ತೆ ಕುಗ್ಗಿಸಿ ಕಳಿಸುತ್ತೆ. ಎಲ್ಲಾ ಬ್ಲೂಟೂತ್ ಸ್ಪೀಕರ್‌ಗಳಲ್ಲೂ ಇರುವ ಎಸ್‌ಬಿಸಿ ಅನ್ನೋ ವಿಧಾನದಲ್ಲಿ ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 328 ಕಿಲೋಬಿಟ್ ಮಾತ್ರ ಹೋಗುತ್ತೆ. ವೈಫೈನಲ್ಲಿ ಕಾಸ್ಟ್ ಮಾಡಿದ್ರೆ ಸ್ಪೀಕರ್ ತಾನೇ ಇಂಟರ್ನೆಟ್‌ನಿಂದ ಹಾಡು ತರಿಸಿಕೊಳ್ಳುತ್ತೆ, ಫೋನ್ ಬರೀ ರಿಮೋಟ್. ಅದಕ್ಕೂ ಮೊದಲು ಆ್ಯಪ್‌ನ ಸೆಟ್ಟಿಂಗ್ಸ್ ತೆರೆದು ಆಡಿಯೊ ಕ್ವಾಲಿಟಿ ನೋಡಿ. ಡೇಟಾ ಸೇವರ್ ಆನ್ ಇದ್ದರೆ ಲಕ್ಷ ರೂಪಾಯಿಯ ಪೆಟ್ಟಿಗೆ ತಂದರೂ ಬರೋದು ಸವಕಲು ಹಾಡೇ.

ಹೈ-ರೆಸ್ ಅನ್ನೋ ಸ್ಟಿಕ್ಕರ್‌ಗೂ ಅವಸರ ಬೇಡ. 2007ರಲ್ಲಿ ಮೇಯರ್ ಮತ್ತು ಮೊರಾನ್ ಅನ್ನೋರು ಹೈ-ರೆಸ್ ಧ್ವನಿಯನ್ನು ನೇರವಾಗಿಯೂ, ಸಿಡಿ ಮಟ್ಟಕ್ಕೆ ಇಳಿಸಿಯೂ ಕೇಳಿಸಿದರು. 554 ಪ್ರಯತ್ನಗಳಲ್ಲಿ ಸರಿ ಉತ್ತರ ಬಂದದ್ದು ಹೆಚ್ಚುಕಡಿಮೆ ಅರ್ಧ. 2016ರಲ್ಲಿ ಜೋಶುವಾ ರೈಸ್ ಹಲವು ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ವ್ಯತ್ಯಾಸ ಇದೆ ಅಂತ ಬಂತು, ಆದರೆ ಬಹಳ ಸಣ್ಣದು.

ಸರಿ, ಅಪ್ಪನ ‘ಗರಗರ’ ಏನಾಯ್ತು? ಗುಂಯ್ ಹೋದಮೇಲೂ ಅದು ಹೋಗಲಿಲ್ಲ. ತಂಗಿ ಸ್ಪೀಕರ್‌ನ ಮುಂದಿನ ಬಟ್ಟೆ ತೆಗೆದು ಮೊಬೈಲ್ ಟಾರ್ಚ್ ಬಿಟ್ಟಳು. ಕೋನ್ ಸುತ್ತ ಇರೋ ಫೋಮ್ ಪುಡಿಪುಡಿಯಾಗಿತ್ತು. ಇಪ್ಪತ್ತು ವರ್ಷದ ಫೋಮ್, ಇನ್ನೇನಾಗುತ್ತೆ? ಎಸ್.ಪಿ. ರೋಡ್ ಕಡೆಯ ಒಬ್ಬ ರಿಪೇರಿಯವರು ಎರಡಕ್ಕೂ ಹೊಸ ಫೋಮ್ ಹಾಕಿಕೊಟ್ಟರು. 3 ಸಾವಿರದೊಳಗೆ ಮುಗೀತು. ಸ್ಪೀಕರ್ ಸರಿಯಾದಮೇಲೆ ಪರೀಕ್ಷೆ ಇನ್ನೊಮ್ಮೆ ಮಾಡಿದ್ವಿ. ಈ ಸಲ 16ಕ್ಕೆ 7. ಸ್ಟ್ರೀಮರ್ ವಾಪಸ್ ಕೊಟ್ಟು ಬಂದೆ.

ನನಗೆ ಬೇಜಾರಾಗೋದು ಒಂದೇ ವಿಷಯಕ್ಕೆ. ಅಪ್ಪ ಗರಗರ ಅಂತ ಹೇಳ್ತಾನೇ ಇದ್ರು. ನಾನು ಯಾವ ಪೆಟ್ಟಿಗೆ ಕೊಳ್ಳೋದು ಅಂತ ತಿಂಗಳುಗಟ್ಟಲೆ ವಿಡಿಯೋ ನೋಡ್ತಿದ್ದೆ. ಅವರ ಪಕ್ಕ ಕೂತು ಒಂದು ಹಾಡು ಪೂರ್ತಿ ಕೇಳಿರಲಿಲ್ಲ.

ಮಾರನೇ ದಿನ ಬೆಳಗ್ಗೆ ಹಾಲ್‌ನಿಂದ ಹಾಡು ಕೇಳಿಸಿ ಎಚ್ಚರವಾಯ್ತು. ಅಪ್ಪ ತಾವೇ ಹಾಕಿಕೊಂಡಿದ್ರು, ಅದೇ ಹಳೇ ಲ್ಯಾಪ್‌ಟಾಪ್‌ನಿಂದ. ನನ್ನ ನೋಡಿ ಕೇಳಿದ್ರು: “ನೀನು ತಂದ ಆ ಪೆಟ್ಟಿಗೆ ಭಾಳ ಚೆನ್ನಾಗಿದೆ ಕಣೋ. ಎಷ್ಟಾಯ್ತು?”

ನಿಮ್ಮ ಮನೆಯಲ್ಲೂ ಒಂದು ಟವಲ್, ಒಂದು ನಾಣ್ಯ ಇದ್ದೇ ಇರುತ್ತೆ. ದುಡ್ಡು ಕೊಡೋಕೆ ಮುಂಚೆ ಒಂದ್ಸಲ ಪರೀಕ್ಷೆ ಮಾಡಿ. 16ಕ್ಕೆ ಎಷ್ಟು ಬಂತು ಅಂತ ನಮಗೂ ತಿಳಿಸಿ. ಮುಂದಿನ ವಾರ ಸಿಗೋಣ, ನಮಸ್ಕಾರ.